ಹನ್ನೆರಡು ಬಟನ್‌ನಲ್ಲಿ ಚೀನೀ: ಫೋನ್ ಕೀಪ್ಯಾಡಿನಲ್ಲಿ ಟೈಪ್ ಮಾಡುವ ಕ್ರಮ

ಚೀನೀ ಲಿಪಿಯಲ್ಲಿ ಸಾವಿರಾರು ಅಕ್ಷರ, ಫೋನಿನಲ್ಲಿ ಹನ್ನೆರಡೇ ಬಟನ್. ಅಷ್ಟನ್ನೂ ಇಷ್ಟರೊಳಗೆ ಹೇಗೆ ತುರುಕಿದರು ಎಂದು ಕೇಳುವವರು ಈಗಲೂ ಸಿಗುತ್ತಾರೆ. ಯಾರೂ ತುರುಕಿಲ್ಲ. ಬಟನ್ ಮೇಲಿರುವುದು ಅದೇ ಇಂಗ್ಲಿಷಿನ ಎ-ಬಿ-ಸಿ-ಡಿ, ಇಲ್ಲವೇ ಐದು ಬಗೆಯ ಗೆರೆ. ನೀವು ಮಾತಿನ ಸದ್ದನ್ನೋ ಬರಹದ ಗೆರೆಯನ್ನೋ ಒತ್ತುತ್ತೀರಿ. ಅದಕ್ಕೆ ಹೊಂದುವ ಅಕ್ಷರಗಳನ್ನು ಫೋನ್ ಸಾಲಾಗಿ ತಂದು ನಿಲ್ಲಿಸುತ್ತದೆ, ಬೇಕಾದದ್ದನ್ನು ನೀವು ಆರಿಸಿಕೊಳ್ಳುತ್ತೀರಿ.

ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವುದು ನಮಗೆ ರೂಢಿಯಾಗಿರುವುದರಿಂದ ಅರ್ಧ ಕೆಲಸ ಗೊತ್ತಿದ್ದಂತೆಯೇ. ತೊಡಕು ಇರುವುದು ಕೊನೆಯ ಹೆಜ್ಜೆಯಲ್ಲಿ. ಕನ್ನಡದಲ್ಲಿ ‘ಮಾ’ ಎಂಬ ಸದ್ದಿಗೆ ಬರೆಯುವ ರೂಪ ಒಂದೇ. ಚೀನೀಯಲ್ಲಿ, ಅರ್ಥವನ್ನೇ ಬದಲಿಸುವ ದನಿಯ ಏರಿಳಿತ ಬದಿಗಿಟ್ಟರೆ, ಇರುವುದು ಸುಮಾರು 400 ಉಚ್ಚಾರಗಳು ಮಾತ್ರ. ಚೀನಾ ಸರ್ಕಾರ 2013ರಲ್ಲಿ ಹೊರಡಿಸಿದ ಅಧಿಕೃತ ಪಟ್ಟಿಯಲ್ಲಿರುವ ಅಕ್ಷರಗಳು 8105. ಒಂದು ಉಚ್ಚಾರಕ್ಕೆ ಸರಾಸರಿ ಇಪ್ಪತ್ತು ಅಕ್ಷರ ಬಿತ್ತು. ಈ ಲೆಕ್ಕ ನೋಡಿ ಗಾಬರಿಯಾಗುವುದು ಬೇಡ. ಆ ಪಟ್ಟಿಯಲ್ಲೇ ನಿತ್ಯಬಳಕೆಯವು ಎಂದು ಮೊದಲ ದರ್ಜೆಗೆ ಸೇರಿಸಿರುವುದು 3500. ಅಂಗಡಿ, ಹೋಟೆಲ್, ಟ್ಯಾಕ್ಸಿಯ ಮಾತಿಗೆ ಅದರಲ್ಲೂ ಸಣ್ಣದೊಂದು ಪಾಲು ಸಾಕು.

ಯೀವು, ಗ್ವಾಂಗ್‌ಝೌ ಮಾರುಕಟ್ಟೆಗೆ ಸರಕು ನೋಡಲು ಹೋಗುವವರು, ಅಲ್ಲಿ ಎಂಬಿಬಿಎಸ್ ಓದುತ್ತಿರುವವರು, ಕಂಪನಿ ಕೆಲಸಕ್ಕೆಂದು ಆರು ತಿಂಗಳು ಉಳಿಯುವವರು, ಸುಮ್ಮನೆ ಭಾಷೆ ಕಲಿಯುವ ಹುಚ್ಚಿರುವವರು: ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನಾಲ್ಕು ಮಾತು ಚೀನೀ ಬಂದರೆ ಸಾಕು, ಅಕ್ಷರ ಬರೆಯಲು ಬರಬೇಕಾಗಿಲ್ಲ. ಗುರುತು ಹಿಡಿಯಲು ಮಾತ್ರ ಬರಬೇಕು.

ಯಾವ ದಾರಿ ಹಿಡಿಯಬೇಕು

ಮುಖ್ಯ ದಾರಿಗಳು ಎರಡು. ಒಂದು ಪಿನ್ಯಿನ್, ಅಂದರೆ ಚೀನೀ ಉಚ್ಚಾರವನ್ನು ರೋಮನ್ ಅಕ್ಷರದಲ್ಲಿ ಬರೆಯುವ ಕಾಗುಣಿತ. ಚೀನಾದ ರಾಷ್ಟ್ರೀಯ ಜನಪ್ರತಿನಿಧಿ ಸಭೆ ಇದಕ್ಕೆ ಒಪ್ಪಿಗೆ ಕೊಟ್ಟದ್ದು 1958ರ ಫೆಬ್ರವರಿಯಲ್ಲಿ. ಶಾಲೆಯಲ್ಲಿ ಉಚ್ಚಾರ ಕಲಿಸಲು, ಅನಕ್ಷರಸ್ಥರಿಗೆ ಓದು ಹತ್ತಿಸಲು ಮಾಡಿದ್ದು ಅದು. ಇದನ್ನು ರೂಪಿಸಿದ ತಂಡದಲ್ಲಿ ಮುಂದಾಳಾಗಿದ್ದ ಝೌ ಯೌಗ್ವಾಂಗ್ ಮೂಲತಃ ಅರ್ಥಶಾಸ್ತ್ರದ ಮನುಷ್ಯ. ಅವರು 2017ರ ಜನವರಿಯಲ್ಲಿ, 111 ತುಂಬಿದ ಮರುದಿನ ತೀರಿಕೊಂಡರು. ಅಷ್ಟರಲ್ಲಿ ಅವರ ಕಾಗುಣಿತ ಚೀನಾದ ಪ್ರತಿ ಜೇಬಿನ ಫೋನಿಗೂ ಇಳಿದಿತ್ತು.

ಇನ್ನೊಂದು ಗೆರೆಯ ದಾರಿ. ಅಕ್ಷರವನ್ನು ಕೈಯಲ್ಲಿ ಬರೆಯುವಾಗ ಯಾವ ಗೆರೆಯಾದ ಮೇಲೆ ಯಾವ ಗೆರೆ ಎಳೆಯುತ್ತೇವೋ ಅದೇ ಕ್ರಮದಲ್ಲಿ ಬಟನ್ ಒತ್ತುವುದು.

ಯಾವುದು ಒಳ್ಳೆಯದು ಎಂಬ ಚರ್ಚೆ ಬೇಡ, ಎರಡೂ ಬೇಕಾಗುತ್ತವೆ. ಕಿವಿಗೆ ಬಿದ್ದದ್ದನ್ನು ಪಿನ್ಯಿನ್‌ನಲ್ಲಿ ಒತ್ತಿ, ಕಣ್ಣಿಗೆ ಬಿದ್ದದ್ದನ್ನು ಗೆರೆಯಲ್ಲಿ ಒತ್ತಿ. ಚಾಲಕ ಹೇಳಿದ ಊರಿನ ಹೆಸರು ಕೇಳಿಸಿತು, ಬರೆಯಲು ಬಾರದು: ಪಿನ್ಯಿನ್. ಬಾಗಿಲ ಮೇಲೆ ಏನೋ ಬರೆದಿದೆ, ಹೇಗೆ ಓದುವುದೋ ಗೊತ್ತಿಲ್ಲ: ಗೆರೆ.

ಇವೆರಡೇ ಅಲ್ಲ. ತೈವಾನಿನವರು ಸದ್ದನ್ನು ಬರೆಯುವ 37 ಚಿಹ್ನೆಗಳ ಬೊಪೊಮೊಫೊ ಬಳಸುತ್ತಾರೆ. ಹಾಂಗ್‌ಕಾಂಗ್‌ನಲ್ಲಿ ಆಡುವುದು ಕ್ಯಾಂಟೊನೀಸ್ ಆದ್ದರಿಂದ ಚೀನಾದ ಅಧಿಕೃತ ನುಡಿಯಾದ ಮ್ಯಾಂಡರಿನ್ ಸದ್ದಿನ ಪಿನ್ಯಿನ್ ಅಲ್ಲಿ ಅಷ್ಟು ಒಗ್ಗುವುದಿಲ್ಲ. ಅಕ್ಷರವನ್ನು ಭಾಗಭಾಗವಾಗಿ ಒಡೆಯುವ ತ್ಸಾಂಗ್‌ಜಿಯೆ, ಅದರ ಚಿಕ್ಕ ರೂಪ, ಗೆರೆಯ ವಿಧಾನ, ಇವು ಅಲ್ಲಿ ಹೆಚ್ಚು. ನಮ್ಮವರಲ್ಲಿ ಬಹುಪಾಲು ಜನ ಹೋಗುವುದು ಚೀನಾದ ಮುಖ್ಯ ಭೂಭಾಗಕ್ಕೆ, ಹಾಗಾಗಿ ಇಲ್ಲಿ ಹೇಳುವುದೆಲ್ಲ ಅಲ್ಲಿನ, ಗೆರೆ ಕಡಿಮೆ ಮಾಡಿದ ಸರಳೀಕೃತ ಲಿಪಿಯ ಬಗ್ಗೆ.

ಫೋನ್ ಸಿದ್ಧಮಾಡಿಕೊಳ್ಳಿ

ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಕೀಬೋರ್ಡ್ ಆದ ಜಿಬೋರ್ಡ್ ಇದ್ದರೆ ಅದರ ಸೆಟ್ಟಿಂಗ್ಸ್ ತೆರೆದು ಲ್ಯಾಂಗ್ವೇಜಸ್‌ಗೆ ಹೋಗಿ, ಆ್ಯಡ್ ಕೀಬೋರ್ಡ್ ಒತ್ತಿ, ಚೈನೀಸ್ ಸಿಂಪ್ಲಿಫೈಡ್ ಹುಡುಕಿ. ಆಗ ಬಗೆಬಗೆಯ ಕೀಬೋರ್ಡ್‌ಗಳ ಚಿತ್ರಗಳು ಕಾಣುತ್ತವೆ. ಹಳೆಯ ಫೋನಿನಂತೆ ಮೂರು ಸಾಲು ದೊಡ್ಡ ಚೌಕಗಳಿರುವ ಪಿನ್ಯಿನ್ ಒಂದು, ಗೆರೆಯದು ಒಂದು, ಎರಡನ್ನೂ ಆರಿಸಿ. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಕೀಬೋರ್ಡ್, ಕೀಬೋರ್ಡ್ಸ್, ಆ್ಯಡ್ ನ್ಯೂ ಕೀಬೋರ್ಡ್, ಅಲ್ಲಿ ಚೈನೀಸ್ ಸಿಂಪ್ಲಿಫೈಡ್. ಪಿನ್ಯಿನ್ 10 ಕೀ ಎಂಬುದಕ್ಕೂ ಸ್ಟ್ರೋಕ್ ಎಂಬುದಕ್ಕೂ ಗುರುತು ಹಾಕಿ. ಆಮೇಲೆ ಟೈಪ್ ಮಾಡುವಾಗ ಭೂಗೋಳದ ಚಿಹ್ನೆ ಒತ್ತಿದರೆ ಕನ್ನಡ, ಇಂಗ್ಲಿಷ್, ಚೀನೀ ಒಂದಾದ ಮೇಲೊಂದು ಬರುತ್ತವೆ.

ಟಚ್‌ಸ್ಕ್ರೀನಿನಲ್ಲಿ ಪೂರ್ತಿ ಕೀಬೋರ್ಡ್ ಇರುವಾಗ ಈ ಒಂಬತ್ತು ಚೌಕದ ಸಹವಾಸ ಯಾಕೆ ಎನ್ನಬಹುದು. ಚೌಕಗಳು ದೊಡ್ಡವು, ಒಂದೇ ಹೆಬ್ಬೆರಳಲ್ಲಿ ಮುಗಿಯುತ್ತದೆ, ಇನ್ನೊಂದು ಕೈಯಲ್ಲಿ ಬಸ್ಸಿನ ಕಂಬಿ ಹಿಡಿಯಬಹುದು. ಚೀನಾದಲ್ಲೂ ಬಹಳಷ್ಟು ಜನ ಇದನ್ನು ಬಿಟ್ಟಿಲ್ಲ.

ಇದನ್ನೆಲ್ಲ ಹೊರಡುವ ಮೊದಲೇ ಮಾಡಿ ಮುಗಿಸಿ. ಚೀನಾದ ಮುಖ್ಯ ಭೂಭಾಗದಲ್ಲಿ ಗೂಗಲ್ ಸೇವೆಗಳು ಸಿಗುವುದಿಲ್ಲ. ಅಲ್ಲಿ ಇಳಿದ ಮೇಲೆ ಭಾಷೆಯ ಫೈಲ್ ಡೌನ್‌ಲೋಡ್ ಮಾಡಿಕೊಳ್ಳುತ್ತೇನೆ ಎಂದರೆ ಆಗದು.

ಬಟನ್ ಇರುವ ಸಾದಾ ಫೋನಾದರೆ ಕಥೆ ಬೇರೆ. ಆ ಫೋನುಗಳಲ್ಲಿ ಯಾವ ಭಾಷೆ ಇರಬೇಕೆಂಬುದು ಮಾರುವ ದೇಶದ ಮೇಲೆ ನಿಂತಿರುತ್ತದೆ. ನಮ್ಮಲ್ಲಿ ಕೊಂಡ ಸಾದಾ ಸೆಟ್‌ನಲ್ಲಿ ಚೀನೀ ಸಾಮಾನ್ಯವಾಗಿ ಇರುವುದಿಲ್ಲ, ಬಂದ ಮೆಸೇಜ್ ಬರೀ ಡಬ್ಬಿ ಡಬ್ಬಿಯಾಗಿ ಕಾಣುತ್ತದೆ. ಮೆಸೇಜ್ ಬರೆಯುವ ಪರದೆಯಲ್ಲಿ ಆಪ್ಷನ್ಸ್ ಒತ್ತಿ, ಬರೆಯುವ ಭಾಷೆಗಳ ಪಟ್ಟಿ ನೋಡಿ. ಅದರಲ್ಲಿ ಇಲ್ಲವೆಂದರೆ ಇಲ್ಲ; ಅಲ್ಲಿಯೇ ಒಂದು ಸೆಟ್ ಕೊಂಡುಕೊಳ್ಳುವುದು ವಾಸಿ.

ಪಿನ್ಯಿನ್: ಮೊದಲ ಮಾತು

ಬಟನ್ ಹಂಚಿಕೆ ಇಂಗ್ಲಿಷ್ ಎಸ್ಸೆಮ್ಮೆಸ್ ಕಾಲದ್ದೇ. 2ರಲ್ಲಿ ಎ ಬಿ ಸಿ, 3ರಲ್ಲಿ ಡಿ ಇ ಎಫ್, 4ರಲ್ಲಿ ಜಿ ಎಚ್ ಐ, 5ರಲ್ಲಿ ಜೆ ಕೆ ಎಲ್, 6ರಲ್ಲಿ ಎಂ ಎನ್ ಓ, 7ರಲ್ಲಿ ಪಿ ಕ್ಯೂ ಆರ್ ಎಸ್, 8ರಲ್ಲಿ ಟಿ ಯು ವಿ, 9ರಲ್ಲಿ ಡಬ್ಲ್ಯು ಎಕ್ಸ್ ವೈ ಜೆಡ್. ಒಂದೊಂದು ಅಕ್ಷರಕ್ಕೆ ಒಂದೇ ಸಲ ಒತ್ತಬೇಕು. ‘ಎಸ್’ ಬೇಕೆಂದು 7ನ್ನು ನಾಲ್ಕು ಸಲ ಕುಟ್ಟುವ ಕಾಲ ಇದಲ್ಲ. ಹಿಂದೆ ಟಿ9ನಲ್ಲಿ, ಅಂದರೆ ಒಂದೊಂದೇ ಒತ್ತಿನಿಂದ ಪದ ಊಹಿಸುವ ಹಳೆಯ ಫೋನಿನ ವಿಧಾನದಲ್ಲಿ, ಇಂಗ್ಲಿಷ್ ಬರೆದವರಿಗೆ ಬೆರಳು ತಾನಾಗಿಯೇ ಓಡುತ್ತದೆ.

‘ನೀ ಹಾವ್’, ಅಂದರೆ ನಮಸ್ಕಾರ, ಬರೆಯೋಣ. ಪಿನ್ಯಿನ್ ಕಾಗುಣಿತ ಎನ್-ಐ, ಎಚ್-ಎ-ಓ. ಒತ್ತಬೇಕಾದದ್ದು 64 426.

64 ಒತ್ತಿದ ಕೂಡಲೇ ಫೋನಿಗೆ ಎರಡು ಅನುಮಾನ: ನಿ ಇರಬಹುದು, ಮಿ ಇರಬಹುದು, ಎರಡೂ ಅದೇ ಬಟನ್‌ಗಳು. 426ಕ್ಕೆ ನಾಲ್ಕು ಅನುಮಾನ: ಹಾವ್, ಹಾನ್, ಗಾವ್, ಗಾನ್. ಆದರೆ ಐದನ್ನೂ ಒಟ್ಟಿಗೆ, ನಡುವೆ ನಿಲ್ಲಿಸದೆ ಒತ್ತಿದರೆ, ಈ ಎಲ್ಲ ಜೋಡಿಗಳಲ್ಲಿ ಜನ ದಿನವೂ ಬಳಸುವುದು ಒಂದೇ ಎಂದು ಫೋನಿಗೆ ಗೊತ್ತು. ‘ನೀ ಹಾವ್’ ಸಾಲಿನ ಮೊದಲಿಗೇ ಬಂದು ಕೂರುತ್ತದೆ. ಸ್ಪೇಸ್ ಒತ್ತಿದರೆ ಆ ಮೊದಲನೆಯದು ಮೆಸೇಜಿಗೆ ಇಳಿಯುತ್ತದೆ. ಎಂಟರ್ ಒತ್ತಬೇಡಿ, ಒತ್ತಿದರೆ ಚೀನೀ ಅಕ್ಷರದ ಬದಲು ಬರೀ ರೋಮನ್ ಅಕ್ಷರಗಳು ಉಳಿದುಬಿಡುತ್ತವೆ. ಚೀನೀಯಲ್ಲಿ ಪದಗಳ ನಡುವೆ ಜಾಗ ಬಿಡುವ ಪದ್ಧತಿಯೂ ಇಲ್ಲ, ಹಾಗಾಗಿ ಸ್ಪೇಸ್ ಇಲ್ಲಿ ಒಪ್ಪಿಗೆಯ ಬಟನ್ ಎಂದೇ ತಿಳಿಯಿರಿ.

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ: ಅಕ್ಷರ ಅಕ್ಷರವಾಗಿ ಟೈಪ್ ಮಾಡಬೇಡಿ, ಮಾತು ಮಾತಾಗಿ ಮಾಡಿ. ಯಾಕೆಂದು ತೋರಿಸಲು ಸಂತೆಯಲ್ಲಿ ದಿನಕ್ಕೆ ನೂರು ಸಲ ಬೇಕಾಗುವ ಮಾತನ್ನೇ ತೆಗೆದುಕೊಳ್ಳೋಣ, ‘ಎಷ್ಟು ದುಡ್ಡು?’ ಚೀನೀಯಲ್ಲಿ ತ್ವೋ-ಷಾವ್-ಛಿಯೆನ್. ಕಾಗುಣಿತ ಡಿ-ಯು-ಓ, ಎಸ್-ಎಚ್-ಎ-ಓ, ಕ್ಯೂ-ಐ-ಎ-ಎನ್. ಬಟನ್‌ಗಳು 386, 7426, 7426.

ಎರಡನೆಯದೂ ಮೂರನೆಯದೂ ಒಂದೇ ಸಂಖ್ಯೆ. ಕೇಳಲು ಷಾವ್ ಎಲ್ಲಿ, ಛಿಯೆನ್ ಎಲ್ಲಿ? ಆದರೂ ಬೆರಳಿಗೆ ಎರಡೂ 7426. ಇದೇ 7426ರಲ್ಲಿ ಇನ್ನೂ ನಾಲ್ಕು ಉಚ್ಚಾರ ಅಡಗಿವೆ: ಪಿ-ಐ-ಎ-ಎನ್, ಪಿ-ಐ-ಎ-ಓ, ಕ್ಯೂ-ಐ-ಎ-ಓ, ಎಸ್-ಎಚ್-ಎ-ಎನ್. ಒಂದೊಂದರ ಕೆಳಗೂ ಹತ್ತಾರು ಅಕ್ಷರ. ಬರೀ 7426 ಒತ್ತಿ ‘ದುಡ್ಡು’ ಹುಡುಕುತ್ತಾ ಹೋದರೆ ಅಂಗಡಿಯವನು ಮುಂದಿನ ಗಿರಾಕಿಯನ್ನು ಮಾತಾಡಿಸಿ ಕಳಿಸಿರುತ್ತಾನೆ. ಅದೇ 38674267426 ಎಂದು ಒಂದೇ ಉಸಿರಿಗೆ ಒತ್ತಿ ನೋಡಿ, ಬೇಕಾದ ಮೂರು ಅಕ್ಷರ ತಾವಾಗಿ ಮುಂದೆ ನಿಲ್ಲುತ್ತವೆ. ಹನ್ನೊಂದು ಒತ್ತು, ಒಂದು ಸ್ಪೇಸ್, ಮುಗಿಯಿತು.

ಬೇಕಾದದ್ದು ಮೊದಲಿಗೆ ಬರದಿದ್ದರೆ ಎರಡು ಉಪಾಯ. ಚೌಕಗಳ ಪಕ್ಕದಲ್ಲೋ ಮೇಲೋ ಆ ಸಂಖ್ಯೆಗೆ ಹೊಂದುವ ಪಿನ್ಯಿನ್‌ಗಳ ಪಟ್ಟಿ ಇರುತ್ತದೆ. ಅದರಲ್ಲಿ ಸರಿಯಾದ ಉಚ್ಚಾರ ಮುಟ್ಟಿದರೆ ಉಳಿದವೆಲ್ಲ ಜಾಗ ಖಾಲಿ ಮಾಡುತ್ತವೆ. ಇನ್ನೊಂದು, ಉಚ್ಚಾರಗಳ ನಡುವೆ ಬೇಲಿ ಹಾಕುವುದು. 9426 ಒತ್ತಿದರೆ ಶಿಯೆನ್ ಎಂಬ ಒಂದು ಉಚ್ಚಾರವೂ ಆಗಬಹುದು, ಶೀ-ಆನ್ ಎಂಬ ಎರಡೂ ಆಗಬಹುದು. ಎರಡನೆಯದು ಮಣ್ಣಿನ ಸೈನಿಕರ ಊರಾದ ಶೀಆನ್. 94 ಒತ್ತಿ, ವಿಭಜಕ ಬಟನ್ ಒತ್ತಿ, 26 ಒತ್ತಿದರೆ ಗೊಂದಲವಿಲ್ಲ. ಹಲವು ಕೀಬೋರ್ಡ್‌ಗಳಲ್ಲಿ 1ರ ಚೌಕಕ್ಕೇ ಈ ಕೆಲಸ ವಹಿಸಿರುತ್ತಾರೆ.

ಒಂದೆರಡು ವಾರ ಬಳಸಿದರೆ ಫೋನ್ ನಿಮ್ಮ ಮಾತು ಕಲಿಯುತ್ತದೆ, ಮೇಲಿಂದ ಮೇಲೆ ಆರಿಸಿದ್ದನ್ನು ಮುಂದಕ್ಕೆ ತರುತ್ತದೆ. ಆಗ ಬರೀ ಮೊದಲಕ್ಷರ ಒತ್ತಿದರೂ ನಡೆಯುತ್ತದೆ. ಬೀಜಿಂಗ್‌ಗೆ ಬಿ, ಜೆ, ಅಂದರೆ 25. ಹೊಸಬರು ಇದಕ್ಕೆ ಆತುರ ಪಡಬೇಡಿ, ಕಾಗುಣಿತ ಕೈಗೆ ಕೂರುವ ಮೊದಲೇ ಅಡ್ಡದಾರಿ ಹಿಡಿದರೆ ಕಾಗುಣಿತ ಬರುವುದೇ ಇಲ್ಲ.

ಕನ್ನಡದ ಕಿವಿ, ಪಿನ್ಯಿನ್ ಕಾಗುಣಿತ

ಇಂಗ್ಲಿಷಿನಲ್ಲಿ ಬರೆದ ಯಾವ ಕೈಪಿಡಿಯೂ ನಮ್ಮ ಅನುಕೂಲಕ್ಕೆ ಹೇಳದ ಸಂಗತಿ ಇದು. ಪಿನ್ಯಿನ್ ಕಾಗುಣಿತವನ್ನು ಇಂಗ್ಲಿಷಿನಂತೆ ಓದಿದರೆ ಕೆಡುತ್ತದೆ. ಅಲ್ಪಪ್ರಾಣ, ಮಹಾಪ್ರಾಣ ಎಂದು ಪ್ರಾಥಮಿಕ ಶಾಲೆಯಲ್ಲಿ ಕಲಿತದ್ದನ್ನು ಹೊರಗೆ ತೆಗೆಯಿರಿ.

ಮ್ಯಾಂಡರಿನ್‌ನಲ್ಲಿ ಪ-ಬ ಭೇದವಿಲ್ಲ, ಪ-ಫ ಭೇದವಿದೆ. ಇಲ್ಲಿ ಫ ಎಂದರೆ ‘ಫಲ’ ಎನ್ನುವಾಗಿನ ಮಹಾಪ್ರಾಣ, ‘ಫೋನ್’ ಎನ್ನುವಾಗಿನ ಎಫ್ ಅಲ್ಲ. ಪಿನ್ಯಿನ್ ಈ ಪ-ಕಾರಕ್ಕೆ ಬಿ ಅಕ್ಷರ ಕೊಟ್ಟಿದೆ, ಫ-ಕಾರಕ್ಕೆ ಪಿ ಕೊಟ್ಟಿದೆ. ಹಾಗೆಯೇ ತ-ಕಾರಕ್ಕೆ ಡಿ, ಥ-ಕಾರಕ್ಕೆ ಟಿ. ಕ-ಕಾರಕ್ಕೆ ಜಿ, ಖ-ಕಾರಕ್ಕೆ ಕೆ. ಕಿವಿಗೆ ಪ ಎಂದು ಕೇಳಿಸಿತೆಂದು ಬೆರಳು 7ರ ಕಡೆ ಹೋದರೆ ಆ ಮಾತು ಎಂದಿಗೂ ಸಿಗದು, ಅದು 2ರಲ್ಲಿದೆ. ತ ಕೇಳಿದರೆ 8 ಅಲ್ಲ, 3. ಕ ಕೇಳಿದರೆ 5 ಅಲ್ಲ, 4.

ಅಲ್ಲಿನವರು ತಮ್ಮ ರಾಜಧಾನಿಯ ಹೆಸರು ಹೇಳುವಾಗ ಗಮನಿಸಿ, ಹೆಚ್ಚುಕಡಿಮೆ ‘ಪೇಚಿಂಗ್’ ಎಂದೇ ಕೇಳಿಸುತ್ತದೆ. ಒತ್ತಬೇಕಾದದ್ದು ಬಿ-ಇ-ಐ-ಜೆ-ಐ-ಎನ್-ಜಿ, 2345464. ಅಪ್ಪ ಎನ್ನಲು ಬಳಸುವ ಅಕ್ಷರದ ಸದ್ದು ಪಾ, ಒತ್ತುವುದು 22. ಹೆದರಿಕೆಯ ಅಕ್ಷರದ್ದು ಫಾ, ಒತ್ತುವುದು 72. ದನಿಯ ಇಳಿತವೂ ಎರಡಕ್ಕೂ ಒಂದೇ. ನಡುವೆ ಇರುವುದು ಮಹಾಪ್ರಾಣದ ಉಸಿರೊಂದೇ. ‘ಬಾರತ’, ‘ದನ’ ಎಂದು ಮಹಾಪ್ರಾಣವನ್ನು ನುಂಗಿ ಮಾತಾಡುವ ನಮಗೆ ಈ ಉಸಿರನ್ನು ಕೇಳಿಸಿಕೊಳ್ಳುವ ಅಭ್ಯಾಸ ಮತ್ತೆ ಮಾಡಬೇಕಾಗುತ್ತದೆ.

ಶ ಮತ್ತು ಷ ಕೂಡ ಹಾಗೆಯೇ. ಆಡುವಾಗ ನಾವು ಎರಡನ್ನೂ ಕಲಸಿ ಬಹಳ ಕಾಲವಾಯಿತು. ಚೀನೀಯಲ್ಲಿ ಬೇರೆ ಬೇರೆ. ಹಲ್ಲಿನ ಹಿಂದೆ, ಅಂಗುಳಕ್ಕೆ ನಾಲಿಗೆ ಒತ್ತಿ ಹೇಳುವ ಶ-ಕಾರಕ್ಕೆ ಎಕ್ಸ್; ನಾಲಿಗೆ ಮೇಲಕ್ಕೆ ಮಡಿಸಿ ಹೇಳುವ ಷ-ಕಾರಕ್ಕೆ ಎಸ್-ಎಚ್. ಥ್ಯಾಂಕ್ಸ್ ಹೇಳುವ ‘ಶಿಯೆ-ಶಿಯೆ’ ಶ-ಕಾರದ್ದು, 943943. ‘ಹೌದು’ ಎನ್ನುವ ‘ಷಿ’ ಷ-ಕಾರದ್ದು, 744. ಇದೇ ಜೋಡಿ ಚ-ಛಗಳಲ್ಲೂ ಇದೆ: ಶ-ಕಾರದ ಜಾಗದಲ್ಲಿ ನಾಲಿಗೆ ಇದ್ದರೆ ಜೆ ಮತ್ತು ಕ್ಯೂ, ಷ-ಕಾರದ ಜಾಗದಲ್ಲಿದ್ದರೆ ಜೆಡ್-ಎಚ್ ಮತ್ತು ಸಿ-ಎಚ್.

ಅಸ್ಪಷ್ಟ ಉಚ್ಚಾರ ಎಂಬ ಸೆಟ್ಟಿಂಗ್ ಇರುತ್ತದೆ, ಇಂಗ್ಲಿಷ್ ಮೆನುವಿನಲ್ಲಿ ಫಜ್ಜಿ ಪಿನ್ಯಿನ್ ಎಂದು ಕಾಣುತ್ತದೆ. ಅದನ್ನು ಹಾಕಿಕೊಂಡರೆ ಎಸ್ ಮತ್ತು ಎಸ್-ಎಚ್, ಜೆಡ್ ಮತ್ತು ಜೆಡ್-ಎಚ್, ಎನ್ ಮತ್ತು ಎಲ್, ಆನ್ ಮತ್ತು ಆಂಗ್ ತಪ್ಪಿದರೂ ಫೋನ್ ಸಹಿಸಿಕೊಳ್ಳುತ್ತದೆ. ಅದು ಚೀನಾದ ದಕ್ಷಿಣದವರ ಉಚ್ಚಾರಕ್ಕೆಂದು ಮಾಡಿದ್ದು. ನಮ್ಮ ಶ-ಷ ಗೊಂದಲಕ್ಕೂ ಪ-ಬ ಗೊಂದಲಕ್ಕೂ ಅದರಲ್ಲಿ ಮದ್ದಿಲ್ಲ.

ಸ್ವರಗಳಲ್ಲಿ ಮೂರು ಸಂಗತಿ ತಿಳಿದರೆ ಸಾಕು. ‘ತ’, ‘ಕ’ ಎಂದು ಮೊಟಕಾದ ಅ-ಕಾರ ಕೇಳಿಸುವ ಕಡೆ ಕಾಗುಣಿತದಲ್ಲಿ ಬಹಳ ಸಲ ಇ ಅಕ್ಷರ ಇರುತ್ತದೆ. ಎಲ್ಲೆಲ್ಲೂ ಬರುವ ‘ತ’ ಎಂಬ ಸಂಬಂಧಸೂಚಕ ಡಿ-ಇ, 33. ನೀರಿಗೆ ‘ಷ್ವೇ’ ಎಂದು ಕೇಳಿಸಿದರೂ ಬರೆಯುವುದು ಎಸ್-ಎಚ್-ಯು-ಐ, 7484. ಇನ್ನು ಹೆಣ್ಣು ಎಂಬುದರಲ್ಲಿ ಬರುವ, ತುಟಿ ದುಂಡು ಮಾಡಿ ಈ ಎನ್ನುವ ಸ್ವರ. ಪುಸ್ತಕದಲ್ಲಿ ಅದನ್ನು ಯು ಅಕ್ಷರದ ತಲೆಗೆ ಎರಡು ಚುಕ್ಕಿ ಇಟ್ಟು ಬರೆಯುತ್ತಾರೆ. ಪೂರ್ತಿ ಕೀಬೋರ್ಡಿನಲ್ಲಿ ಅದಕ್ಕೆ ವಿ ಒತ್ತಬೇಕೆಂದು ಯಾರಾದರೂ ಹೇಳಿಕೊಡುವವರೆಗೂ ಹೊಸಬರು ಒದ್ದಾಡುತ್ತಾರೆ. ಒಂಬತ್ತು ಚೌಕದಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಯು, ವಿ ಎರಡೂ 8ರಲ್ಲೇ ಇವೆ, 68 ಒತ್ತಿದರೆ ಆಯಿತು.

ಗೆರೆಯ ದಾರಿ

ಚೀನೀ ಅಕ್ಷರ ಎಷ್ಟೇ ಜಟಿಲವಾಗಿರಲಿ, ಗೆರೆಗಳು ಐದೇ ಬಗೆ. 1 ಅಡ್ಡ ಗೆರೆ. 2 ಮೇಲಿನಿಂದ ಕೆಳಕ್ಕೆ ನೇರ ಇಳಿಯುವ ಉದ್ದ ಗೆರೆ. 3 ಎಡಕ್ಕೆ ಜಾರುವ ಗೆರೆ. 4 ಚುಕ್ಕಿ, ಬಲಕ್ಕೆ ಜಾರುವ ಗೆರೆಯೂ ಇದರಲ್ಲೇ ಸೇರಿತು. 5 ತಿರುವಿರುವ, ಮುರಿದ ಗೆರೆ. ಯಾವ ಗೆರೆಯೆಂದು ಅನುಮಾನವಿದ್ದರೆ ಒತ್ತಲು ಒಂದು ಬದಲಿ ಬಟನ್ ಇರುತ್ತದೆ. ಬಹಳ ಫೋನುಗಳಲ್ಲಿ ಅದು 6.

ಕ್ರಮ: ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ. ಸುತ್ತ ಗೋಡೆಯಿದ್ದರೆ ಮೊದಲು ಗೋಡೆ, ಆಮೇಲೆ ಒಳಗಿನದು, ಕೊನೆಗೆ ಕೆಳಗಿನ ಅಡ್ಡ ಗೆರೆ ಎಳೆದು ಮುಚ್ಚುವುದು.

ಮರ ಎಂಬ ಅಕ್ಷರದಿಂದ ಶುರುಮಾಡಿ. ಒಂದು ಅಡ್ಡ, ಅದನ್ನು ಸೀಳುವ ಒಂದು ಉದ್ದ, ಎಡಕ್ಕೊಂದು ಕೊಂಬೆ, ಬಲಕ್ಕೊಂದು ಕೊಂಬೆ. ಒತ್ತುವುದು 1234. ಇಷ್ಟು ಚೆನ್ನಾಗಿ ಕಲಿಸಿಕೊಡುವ ಅಕ್ಷರ ಇನ್ನೊಂದಿಲ್ಲ. ದೊಡ್ಡದು ಎಂಬುದು 134. ಬೆಂಕಿ 4334: ಎಡದ ಚುಕ್ಕಿ, ಬಲದ ಚಿಕ್ಕ ಜಾರು, ನಡುವಿನ ಉದ್ದ ಜಾರು, ಬಲಗಾಲು. ಬಾಯಿ ಎಂಬ ಚೌಕ 251. ಮೇಲಿನ ಅಂಚೂ ಬಲದ ಅಂಚೂ ಒಂದೇ ತಿರುವಿನ ಗೆರೆ, ಹಾಗಾಗಿ ನಾಲ್ಕು ಬದಿಯ ಚೌಕಕ್ಕೆ ಮೂರೇ ಗೆರೆ. ದೇಶ ಎಂಬ ಅಕ್ಷರಕ್ಕೆ 25112141. 25 ಗೋಡೆ, ನಡುವಿನ 11214 ಒಳಗಿರುವ ರತ್ನ, ಕೊನೆಯ 1 ಮುಚ್ಚುವ ಗೆರೆ.

ಕೊಕ್ಕೆಯ ವಿಚಾರದಲ್ಲಿ ಒಂದು ಅಪವಾದ ಇದೆ. ಉದ್ದ ಗೆರೆಯ ತುದಿಗೆ ಎಡಕ್ಕೆ ಸಣ್ಣ ಕೊಕ್ಕೆ ಇದ್ದರೆ ಅದು ಇನ್ನೂ ಉದ್ದ ಗೆರೆಯೇ, 2. ಬೇರೆ ಕೊಕ್ಕೆ, ತಿರುವು ಎಲ್ಲ 5. ನೀರು ಎಂಬ ಅಕ್ಷರದ ನಡುಗೆರೆ ಕೊಕ್ಕೆಯದು, ಆದರೂ ಅದು 2ರಿಂದಲೇ ಶುರು: 2534. ಕೆಳಗಿನಿಂದ ಬಲಕ್ಕೆ ಏರುವ ಗೆರೆ ಕಂಡರೆ ಅದನ್ನು ಅಡ್ಡ ಗೆರೆಯ ಲೆಕ್ಕಕ್ಕೆ ಹಾಕಿ, 1.

ಈಗ ವ್ಯಾಪಾರಿಗಳು ಕಿವಿಗೊಡಬೇಕಾದ ಜಾಗ. ಕೊಳ್ಳುವುದು, ಮಾರುವುದು ಎರಡಕ್ಕೂ ಪಿನ್ಯಿನ್ ಎಂ-ಎ-ಐ, ಬಟನ್ 624. ಬಾಯಲ್ಲಿ ಹೇಳುವಾಗ ದನಿ ಬಗ್ಗಿ ಏಳುವುದಕ್ಕೂ ಸರ್ರನೆ ಇಳಿಯುವುದಕ್ಕೂ ಇರುವ ವ್ಯತ್ಯಾಸವೇ ಗತಿ, ಕೀಪ್ಯಾಡಿಗೆ ಅದೂ ಕೇಳಿಸುವುದಿಲ್ಲ. ಎರಡು ಅಕ್ಷರಗಳೂ ಸಾಲಿನಲ್ಲಿ ಅಕ್ಕಪಕ್ಕ ಬಂದು ನಿಲ್ಲುತ್ತವೆ, ನೋಡಲೂ ಅವಳಿ-ಜವಳಿ. ಕೊಳ್ಳುವುದಕ್ಕೆ ಗೆರೆ 544134. ಮಾರುವುದಕ್ಕೆ 12544134. ಅದೇ ಅಕ್ಷರದ ತಲೆಯ ಮೇಲೆ ಕೂಡಿಸುವ ಚಿಹ್ನೆಯಂಥ ಒಂದು ಶಿಲುಬೆ, ಆ 12. ತಲೆ ಮೇಲೆ ಶಿಲುಬೆ ಇದ್ದರೆ ಸರಕು ನಿಮ್ಮ ಕೈಬಿಡುತ್ತದೆ, ಇಲ್ಲದಿದ್ದರೆ ನಿಮ್ಮ ಕೈಸೇರುತ್ತದೆ. ಆರ್ಡರ್ ಕಳಿಸುವ ಮೊದಲು ಆ ತಲೆಯನ್ನು ಒಮ್ಮೆ ನೋಡಿ.

ಗೆರೆಯಲ್ಲೂ ಪೂರ್ತಿ ನಿಶ್ಚಿಂತೆಯಿಲ್ಲ. 34 ಒತ್ತಿದರೆ ಮನುಷ್ಯ, ಒಳಗೆ ಹೋಗು, ಎಂಟು, ಮೂರೂ ಬರುತ್ತವೆ. ಮನುಷ್ಯನಲ್ಲಿ ಎಡದ ಗೆರೆ ಉದ್ದ, ಬಲದ್ದು ಅದಕ್ಕೆ ಒರಗಿದೆ. ಒಳಗೆ ಹೋಗು ಎಂಬುದರಲ್ಲಿ ಬಲದ ಗೆರೆ ಎಡದ್ದನ್ನು ದಾಟಿ ಮೇಲೆ ಚಾಚಿದೆ. ಎಂಟರಲ್ಲಿ ಎರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಮೆಟ್ರೋ ನಿಲ್ದಾಣದ ಪ್ರವೇಶದ್ವಾರದ ಫಲಕ 34 251, ಅಂದರೆ ಒಳಗೆ-ಹೋಗು ಮತ್ತು ಬಾಯಿ. ಅಲ್ಲಿ ಮನುಷ್ಯ ಆರಿಸಿಬಿಟ್ಟರೆ ಜನಸಂಖ್ಯೆ ಎಂಬ ಬೇರೆಯೇ ಪದವಾಗುತ್ತದೆ. 121ರಲ್ಲಿ ಮಣ್ಣು, ಕೆಲಸ, ವಿದ್ವಾಂಸ ಮೂವರೂ ಇದ್ದಾರೆ. ನಡುವಿನ ಗೆರೆ ಮೇಲಿನ ಅಡ್ಡ ಗೆರೆಯನ್ನು ದಾಟದಿದ್ದರೆ ಕೆಲಸ; ದಾಟಿದ್ದರೆ ಮಣ್ಣೋ ವಿದ್ವಾಂಸನೋ ಎಂಬುದನ್ನು ಯಾವ ಅಡ್ಡ ಗೆರೆ ಉದ್ದ ಎಂದು ನೋಡಿಯೇ ಹೇಳಬೇಕು.

ಎಲ್ಲ ಗೆರೆಯನ್ನೂ ಒತ್ತಬೇಕೆಂದೇನಿಲ್ಲ. ಬಹಳ ಸಲ ನಾಲ್ಕೈದು ಒತ್ತುವಷ್ಟರಲ್ಲಿ ಸಾಲಿನಲ್ಲಿ ಬಂದಿರುತ್ತದೆ. ಎಲ್ಲ ಒತ್ತಿದರೂ ಬರದಿದ್ದರೆ ಕ್ರಮ ತಪ್ಪಿರಬೇಕು. ಎರಡು ಸಲ ಪ್ರಯತ್ನಿಸಿ ಸೋತರೆ ಹಟ ಬೇಡ, ಟಚ್ ಫೋನಾದರೆ ಬೆರಳಲ್ಲಿ ಬರೆಯುವ ಕೀಬೋರ್ಡ್ ಹಾಕಿಕೊಳ್ಳಿ.

ಸಾದಾ ಫೋನಿನವರಿಗೆ

ಹೇಳಿದ್ದೆಲ್ಲ ಅಲ್ಲೂ ನಡೆಯುತ್ತದೆ, ಕೈಚಳಕ ಸ್ವಲ್ಪ ಬೇರೆ. ವಿಧಾನ ಬದಲಿಸಲು ಸಾಮಾನ್ಯವಾಗಿ # ಬಟನ್; ಪಿನ್ಯಿನ್, ಗೆರೆ, ಇಂಗ್ಲಿಷ್, ಅಂಕಿ ಎಂದು ಸುತ್ತು ಬರುತ್ತದೆ, ಯಾವುದರಲ್ಲಿದ್ದೀರಿ ಎಂಬುದು ಪರದೆಯ ಮೇಲಂಚಿನಲ್ಲಿ ಕಾಣುತ್ತದೆ. ಸಂಖ್ಯೆ ಒತ್ತಿ, ಬಾಣದ ಬಟನ್‌ನಲ್ಲಿ ಸರಿಯಾದ ಪಿನ್ಯಿನ್ ಹಿಡಿದು, ಓಕೆ ಕೊಟ್ಟ ಮೇಲೆ ಅಕ್ಷರಗಳ ಸಾಲು ತೆರೆಯುತ್ತದೆ. ಹಳೆಯ ಸೆಟ್‌ಗಳ ನಿಘಂಟು ಚಿಕ್ಕದು, ಉದ್ದ ಮಾತನ್ನು ಒಟ್ಟಿಗೆ ಒತ್ತಿದರೆ ಅರ್ಥವಾಗದು, ಅಕ್ಷರ ಅಕ್ಷರವಾಗಿಯೇ ಹೋಗಬೇಕು. ಆದರೆ ಒಂದು ಅಕ್ಷರ ಆರಿಸಿದ ಕೂಡಲೇ ಅದರ ಮುಂದೆ ಬರಬಹುದಾದವನ್ನು ಅದೇ ತೋರಿಸುತ್ತದೆ: ‘ನೀ’ ಆದ ಮೇಲೆ ‘ಹಾವ್’ ಕಾದಿರುತ್ತದೆ, ಒತ್ತುವ ಕೆಲಸವೇ ಇಲ್ಲ.

ಎಸ್ಸೆಮ್ಮೆಸ್ ಲೆಕ್ಕವೂ ಗೊತ್ತಿರಲಿ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ. ಒಂದೇ ಒಂದು ಚೀನೀ ಅಕ್ಷರ ಸೇರಿದರೂ ಮಿತಿ 70ಕ್ಕೆ ಇಳಿಯುತ್ತದೆ. ಕನ್ನಡಕ್ಕೂ ಇದೇ 70. ಆದರೆ ನಮ್ಮ ‘ನಮಸ್ಕಾರ’ಕ್ಕೆ ಅರ್ಧಾಕ್ಷರದ ಗುರುತು, ದೀರ್ಘ ಎಲ್ಲ ಸೇರಿ ಏಳು ಖರ್ಚಾಗುತ್ತದೆ, ಅವರ ‘ನೀ ಹಾವ್’ಗೆ ಎರಡೇ. 70ರಲ್ಲಿ ಅವರು ಒಂದು ಸಣ್ಣ ಕಾಗದವನ್ನೇ ಬರೆದು ಮುಗಿಸುತ್ತಾರೆ.

ಕಳಿಸುವ ಮುನ್ನ

ಸಾಲಿನಲ್ಲಿ ತಪ್ಪು ಆರಿಸುವುದು ಕಲಿಯುವವರಷ್ಟೇ ಅಲ್ಲ, ಚೀನೀಯರೂ ಮಾಡುತ್ತಾರೆ. 924ರಲ್ಲಿ ಬರುವ ‘ಇರು’ ಮತ್ತು ‘ಮತ್ತೆ’ ಒಂದೇ ಸದ್ದು, ಒಂದೇ ಇಳಿತ. ಅಲ್ಲಿನ ಮೇಷ್ಟ್ರುಗಳು ಮಕ್ಕಳನ್ನು ಬೈಯುವುದು ಇದಕ್ಕೇ. 33ರಲ್ಲಿ ಮೂರು ಬೇರೆ ಬೇರೆ ವ್ಯಾಕರಣದ ‘ತ’ಗಳಿವೆ. 82ರಲ್ಲಿ ಅವನು, ಅವಳು, ಅದು ಮೂರೂ ಒಂದೇ ಉಚ್ಚಾರ; ಅವಳು ಎಂಬುದರ ಎಡಭಾಗದಲ್ಲಿ ಹೆಣ್ಣು ಎಂಬ ಅಕ್ಷರ ಇರುತ್ತದೆ, ಗುರುತಿಗೆ ಅಷ್ಟು ಸಾಕು. ಅನುಮಾನವಿದ್ದರೆ ಬರೆದದ್ದನ್ನು ನಕಲು ಮಾಡಿ ಪ್ಲೆಕೋದಂಥ ನಿಘಂಟಿನ ಆ್ಯಪ್‌ಗೆ ಹಾಕಿ ಅರ್ಥ ನೋಡಿಕೊಳ್ಳಿ.

ಕೀಬೋರ್ಡ್ ಯಾವುದೆಂಬುದೂ ಮುಖ್ಯ. ಸಾಲಿನಲ್ಲಿ ಒಳ್ಳೆಯ ಊಹೆ ತೋರಿಸಲೆಂದು ಕೆಲವು ಚೀನೀ ಕೀಬೋರ್ಡ್ ಆ್ಯಪ್‌ಗಳು ನೀವು ಒತ್ತಿದ್ದನ್ನು ತಮ್ಮ ಸರ್ವರ್‌ಗೆ ಕಳಿಸುತ್ತವೆ. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಒಂಬತ್ತು ಕಂಪನಿಗಳ ಇಂಥ ಪಿನ್ಯಿನ್ ಆ್ಯಪ್‌ಗಳನ್ನು ಪರೀಕ್ಷಿಸಿ 2024ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಎಂಟು ಕಂಪನಿಗಳ ಆ್ಯಪ್‌ಗಳಲ್ಲಿ, ದಾರಿಯಲ್ಲಿ ಹೋಗುವ ಟೈಪಿಂಗನ್ನು ಮೂರನೆಯವರು ಓದಬಹುದಾದಂಥ ದೋಷಗಳಿದ್ದವು. ಬಹಳಷ್ಟನ್ನು ಆಮೇಲೆ ಸರಿಪಡಿಸಿದರು. ಆದರೂ ಹೀಗೆ ಸರ್ವರ್‌ಗೆ ಕಳಿಸಿ ಊಹಿಸುವ ‘ಕ್ಲೌಡ್’ ಆಯ್ಕೆ ಕಂಡರೆ ಆಫ್ ಮಾಡಿಡಿ; ಬ್ಯಾಂಕ್ ಪಾಸ್‌ವರ್ಡ್, ಪಾಸ್‌ಪೋರ್ಟ್ ಸಂಖ್ಯೆ ಟೈಪ್ ಮಾಡುವಾಗ ಇಂಗ್ಲಿಷ್ ಕೀಬೋರ್ಡಿಗೆ ಬದಲಿಸಿಕೊಳ್ಳಿ. ಅಲ್ಲಿನವರ ಸಂಪರ್ಕವೆಲ್ಲ ವಿಚಾಟ್ ಎಂಬ ಮೆಸೇಜ್ ಆ್ಯಪ್‌ನಲ್ಲೇ ನಡೆಯುತ್ತದೆ, ಆದರೆ ಭಾರತ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು. ಊರಿಗೆ ಮರಳಿದ ಮೇಲೆ ಚೀನೀಯಲ್ಲಿ ಬರೆಯಲು ಈಮೇಲೋ ಎಸ್ಸೆಮ್ಮೆಸ್ಸೋ ಬೇಕಾಗುತ್ತದೆ. ಕೀಬೋರ್ಡ್ ಮಾತ್ರ ಅದೇ.

ಕೈ ಪಳಗಿಸಲು ನಾಲ್ಕು ಮಾತು. ನಾನು, 96. ಚೀನಾ, 94664486. ಭಾರತ, 94638. ಯಾವ ಊರು ಎಂದು ಕೇಳಿದಾಗ ತೋರಿಸಲು ಬೆಂಗಳೂರು, ಪಾನ್-ಚಿಯಾ-ಲ್ವೋ-ಅರ್: 226 542 586 37, ನಡುವೆ ನಿಲ್ಲಿಸದೆ, ಕೊನೆಗೆ ಸ್ಪೇಸ್.